ಮಳೆಹನಿಯ ಹುಟ್ಟೂರು

ಮುಂಗಾರಿನ ಒಂದು ದಿನ ತರಗತಿಯಲ್ಲಿ ಬಾಷ್ಪೀಭವನದ ಪಾಠ ನಡೆದಿತ್ತು. ಕಿಟಕಿಯಾಚೆ ಸುರಿಯುತ್ತಿದ್ದ ಮಳೆಯತ್ತ ಕೈಮಾಡಿ ವಿದ್ಯಾರ್ಥಿಯೊಬ್ಬ, “ಈ ನೀರು ಯಾವ ಕಡಲಿನದು, ಸಾರ್?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನದಿಯ ನೀರಿಗಾದರೆ ಅದರ ಮೂಲವನ್ನು ತೋರಿಸಬಹುದು. ಆವಿಯಾಗಿ ಎದ್ದು, ಗಾಳಿಯಲ್ಲಿ ಬೆರೆತು, ಮೋಡವಾಗಿ ಅಲೆದು ಬಂದ ಹನಿಗೆ ಹುಟ್ಟೂರನ್ನು ಹುಡುಕುವುದೆಂತು? ಆದರೂ ಆ ಪ್ರಶ್ನೆ ನಕ್ಕು ಬಿಡತಕ್ಕದ್ದಲ್ಲ. ಮಳೆಯ ನೀರು ತನ್ನ ಪ್ರಯಾಣದ ಗುರುತನ್ನು ತನ್ನೊಳಗೇ ಹೊತ್ತು ತರುತ್ತದೆ; ಅದನ್ನು ಓದುವ ವಿದ್ಯೆಯೂ ಉಂಟು.

ನೀರಿನ ಅಣುವಿನಲ್ಲಿ ಎರಡು ಜಲಜನಕದ ಪರಮಾಣುಗಳೂ ಒಂದು ಆಮ್ಲಜನಕದ ಪರಮಾಣುವೂ ಇರುವುದನ್ನು ಎಲ್ಲರೂ ಬಲ್ಲರು. ಆದರೆ ಒಂದೇ ಧಾತುವಿನ ಪರಮಾಣುಗಳೆಲ್ಲವೂ ಸಮತೂಕದವಲ್ಲ. ಆಮ್ಲಜನಕದ ಪರಮಾಣುಗಳಲ್ಲಿ ಬಹುಪಾಲು 16ರ ತೂಕದವು. ಸುಮಾರು 500ಕ್ಕೆ ಒಂದು ಮಾತ್ರ 18ರ ತೂಕದ್ದು. ಕಡಲನೀರಿನ ಜಲಜನಕದಲ್ಲಿ ಸುಮಾರು 6,400ಕ್ಕೆ ಒಂದು ಪರಮಾಣು ಇಮ್ಮಡಿ ತೂಕದ್ದಾಗಿರುತ್ತದೆ. 1931ರಲ್ಲಿ ಹೆರಾಲ್ಡ್ ಯೂರಿ ಕಂಡುಹಿಡಿದ ಇದಕ್ಕೆ ಡ್ಯೂಟೀರಿಯಂ ಎಂದು ಹೆಸರು. ಹೀಗೆ ತೂಕದಲ್ಲಿ ಮಾತ್ರ ಭೇದವುಳ್ಳ ಪರಮಾಣುಗಳನ್ನು ಐಸೋಟೋಪುಗಳು, ಎಂದರೆ ಸಮಸ್ಥಾನಿಗಳು, ಎಂದು ಕರೆಯುತ್ತಾರೆ. ಇಲ್ಲಿ ಹೇಳಿದವು ವಿಕಿರಣ ಸೂಸಿ ಕ್ಷಯಿಸುವಂಥವಲ್ಲ, ಸ್ಥಿರವಾದವು.

ನೀರು ಆವಿಯಾಗುವಾಗ ಹಗುರವಾದ ಅಣುಗಳು ಸುಲಭವಾಗಿ ಮೇಲೇಳುತ್ತವೆ. ಭಾರವಾದವು ತುಸು ಹಿಂದುಳಿಯುತ್ತವೆ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಒಂದಿಷ್ಟು ನೀರಿನಲ್ಲಿ ಭಾರದ ಆಮ್ಲಜನಕವುಳ್ಳ ಅಣುಗಳು 1,000 ಇದ್ದರೆ, ಅದರೊಡನೆ ಸಮತೋಲದಲ್ಲಿರುವ ಅಷ್ಟೇ ಪ್ರಮಾಣದ ಆವಿಯಲ್ಲಿ ಅವು ಸುಮಾರು 991 ಇರುತ್ತವೆ. ಆವಿ ಮತ್ತೆ ಹನಿಗಟ್ಟುವಾಗ ಇದು ತಿರುಗುಮುರುಗಾಗಿ, ಭಾರವಾದವು ಮುಂದಾಗಿ ಕೆಳಗಿಳಿಯುತ್ತವೆ. ಜಾತ್ರೆಯಿಂದ ನಡೆದು ಹಿಂದಿರುಗುವವರಲ್ಲಿ ಭಾರದ ಗಂಟು ಹೊತ್ತವರು ಮೊದಲು ಸಿಕ್ಕ ಮಂಟಪದಲ್ಲಿಯೇ ಕುಳಿತುಬಿಡುವಂತೆ! ದೂರ ಹೋದಷ್ಟೂ ಇನ್ನೂ ನಡೆಯುತ್ತಿರುವವರ ಗಂಟುಗಳು ಹಗುರ. ಅಂತೆಯೇ, ದಾರಿಯುದ್ದಕ್ಕೂ ಮಳೆ ಸುರಿಸುತ್ತ ಒಳನಾಡಿಗೆ ಸಾಗಿದ ಮೋಡದ ನೀರು ಬರಬರುತ್ತ ಹಗುರವಾಗಬೇಕು.

ಇದನ್ನು ಮೊದಲು ಪರೀಕ್ಷಿಸಿ ನೋಡಿದವರಲ್ಲಿ ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಪ್ರಮುಖರು. 1952ರ ಜೂನ್ ತಿಂಗಳಲ್ಲಿ ಕೋಪನ್‌ಹೇಗನ್ನಿನ ತಮ್ಮ ಮನೆಯ ಹುಲ್ಲುಹಾಸಿನ ಮೇಲೆ ಬಿಯರಿನ ಖಾಲಿ ಸೀಸೆಗೆ ಆಲಿಕೆಯಿಟ್ಟು ಅವರು ಮಳೆನೀರು ಹಿಡಿದರು. ಅಣುಗಳನ್ನು ತೂಕಕ್ಕನುಸಾರ ಬೇರ್ಪಡಿಸುವ ರಾಶಿರೋಹಿತಮಾಪಕದಲ್ಲಿ ಪರೀಕ್ಷಿಸಿದಾಗ, ಎತ್ತರದ ತಣ್ಣನೆಯ ಮೋಡಗಳಿಂದ ಬಿದ್ದ ನೀರಿನಲ್ಲಿ ಭಾರದ ಆಮ್ಲಜನಕ ಕಡಿಮೆಯಿದ್ದುದು ಕಂಡುಬಂತು.

ಆದರೆ ಈ ಹಗುರತನ ಹೇಳುವುದು ಮೋಡ ಎಷ್ಟು ಮಳೆ ಸುರಿಸಿತೆಂಬುದನ್ನು. ಆವಿ ಎಲ್ಲಿ ಎದ್ದಿತೆಂಬುದನ್ನಲ್ಲ. ಅದಕ್ಕೆ ಎರಡನೆಯ ಸಾಕ್ಷಿ ಬೇಕು. 1961ರಲ್ಲಿ ಹಾರ್ಮನ್ ಕ್ರೇಗ್ ಜಗತ್ತಿನ ನಾನಾ ಕಡೆಗಳ ನೀರನ್ನು ಹೋಲಿಸಿ ಒಂದು ಸರಳ ನಿಯಮವನ್ನು ಕಂಡರು. ಕಡಲನೀರಿಗಿಂತ ಎಷ್ಟು ವ್ಯತ್ಯಾಸವೆಂದು ಸಾವಿರಕ್ಕಿಷ್ಟರಂತೆ ಲೆಕ್ಕಹಾಕಿದರೆ, ಡ್ಯೂಟೀರಿಯಮ್ಮಿನ ಸಂಖ್ಯೆ ಭಾರದ ಆಮ್ಲಜನಕದ ಸಂಖ್ಯೆಯ 8 ಪಟ್ಟಿಗೆ 10ನ್ನು ಕೂಡಿಸಿದಷ್ಟು. ಮೋಡ ಮಳೆ ಸುರಿಸುವಾಗ ಎರಡು ಸಂಖ್ಯೆಗಳೂ ಹೆಚ್ಚುಕಡಿಮೆ ಈ 8ರ ಅನುಪಾತದಲ್ಲಿಯೇ ಇಳಿಯುತ್ತವೆ. ಆದಕಾರಣ ಕೂಡಿಸುವ ಆ 10 ಬಹುಮಟ್ಟಿಗೆ ಆವಿ ಎದ್ದ ಸ್ಥಳದಲ್ಲಿಯೇ ಬಿದ್ದ ಮುದ್ರೆ. ಅಲ್ಲಿಯ ಗಾಳಿ ಒಣಗಿದ್ದಷ್ಟೂ ಈ ಸಂಖ್ಯೆ ಏರುತ್ತದೆ. ಭೂಖಂಡದಿಂದ ಒಣಗಾಳಿ ಬೀಸುವ ಪೂರ್ವ ಮೆಡಿಟರೇನಿಯನ್ ಕಡಲಿನಿಂದೆದ್ದ ಆವಿಯ ಮಳೆಯಲ್ಲಿ ಅದು 10ಲ್ಲ, ಸುಮಾರು 22!

ಈ ವಿದ್ಯೆಯ ಅತ್ಯಂತ ಮಹತ್ವದ ತೀರ್ಪು ಬಂದದ್ದು ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ. ಅಟ್ಲಾಂಟಿಕ್ ತೀರದಿಂದ ಆಂಡೀಸ್ ಪರ್ವತದ ಬುಡದವರೆಗೆ ಆವಿ ಸುಮಾರು 3,000 ಕಿಲೋಮೀಟರು ಸಾಗುತ್ತದೆ. ದಾರಿಯಲ್ಲಿ ಸುರಿಯುವ ಮಳೆಯನ್ನು ನೋಡಿದರೆ, ಒಳನಾಡಿನ ನೀರು ತೀರ ಹಗುರವಾಗಿರಬೇಕಷ್ಟೆ? ಬ್ರೆಜಿಲ್ಲಿನ ಎನೆಯಾಸ್ ಸಲಾಟಿ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಇಳಿಕೆ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಹಾಗಾದರೆ ಬಿದ್ದ ಭಾರದ ಅಣುಗಳನ್ನು ಮತ್ತೆ ಆಕಾಶಕ್ಕೆ ಎತ್ತಿದವರಾರು? ಮರಗಳು! ಬೇರು ನೀರನ್ನು ಹೀರುವಾಗ ಸಾಮಾನ್ಯವಾಗಿ ಭಾರ ಹಗುರವೆಂದು ಆರಿಸುವುದಿಲ್ಲ. ದಿನಗಳ ಲೆಕ್ಕದಲ್ಲಿ ನೋಡಿದರೆ, ಹೀರಿದ್ದನ್ನೆಲ್ಲ ಎಲೆಗಳು ಅದೇ ಪ್ರಮಾಣದಲ್ಲಿ ಗಾಳಿಗೆ ಬಿಡುತ್ತವೆ. ಅಲ್ಲಿಯ ಮಳೆಯ ಸುಮಾರು ಅರ್ಧದಷ್ಟು ಹೀಗೆ ಮರಳಿ ಬಂದ ನೀರೆಂದು ಸಲಾಟಿಯವರು ಅಂದಾಜು ಮಾಡಿದರು. ಪ್ರಮಾಣದ ಬಗ್ಗೆ ಅನಂತರ ಬೇರೆ ಅಂದಾಜುಗಳು ಬಂದಿದ್ದರೂ, ಮೂಲ ಮಾತು ನಿಂತಿದೆ. ಮಳೆಯಿಂದ ಕಾಡು ಎಂಬುದಷ್ಟೇ ನಿಜವಲ್ಲ. ಕಾಡಿನಿಂದ ಮಳೆ ಎಂಬುದೂ ನಿಜ. ತೀರದತ್ತಣ ಕಾಡನ್ನು ಕಡಿದರೆ ದೂರದ ಒಳನಾಡಿನ ಮಳೆಗೇ ಕುತ್ತು ಬಂದೀತು.

ಈ ಸಂಖ್ಯೆಗಳು ತಾವಾಗಿಯೇ ಎಲ್ಲವನ್ನೂ ಹೇಳಲಾರವು. ಬೀಳುವ ಹನಿ ಒಣಗಾಳಿಯಲ್ಲಿ ಅರೆಬರೆ ಆವಿಯಾದರೂ ಅವು ಬದಲಾಗುತ್ತವೆ. ಆದ್ದರಿಂದ ಗಾಳಿಯ ದಿಕ್ಕು, ಉಷ್ಣತೆಗಳ ದಾಖಲೆಯೊಡನೆಯೇ ಅವನ್ನು ಓದಬೇಕು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ವಿಶ್ವ ಪವನವಿಜ್ಞಾನ ಸಂಸ್ಥೆಯೂ ಕೂಡಿ 1961ರಿಂದ ಹಲವು ದೇಶಗಳ ಮಳೆನೀರನ್ನು ಸಂಗ್ರಹಿಸಿ ಅಳೆಯಿಸುತ್ತ ಬಂದಿರುವುದು ಇದಕ್ಕಾಗಿಯೇ.

ಮರುದಿನ ಆ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟು: “ಕಡಲಿನಿಂದ ನೇರವಾಗಿ ಬಂದದ್ದೇ ಆಗಬೇಕೆಂದಿಲ್ಲ, ನಡುವೆ ಯಾವುದೋ ಕಾಡನ್ನು ಹೊಕ್ಕು ಬಂದದ್ದೂ ಆಗಿರಬಹುದು. ತಿಳಿಯಬೇಕಾದರೆ ಒಂದು ಸೀಸೆ, ಒಂದು ಆಲಿಕೆ ತಾ. ಮಳೆ ನಿಂತೊಡನೆ ಬಿರಡೆಯನ್ನು ಬಿಗಿಯಾಗಿ ಹಾಕು. ಸೀಸೆಯೊಳಗಿಂದ ತುಸು ನೀರು ಆವಿಯಾಗಿ ಹೋದರೂ ಲೆಕ್ಕ ತಪ್ಪುತ್ತದೆ.”