ರಾಜಾಜ್ಞೆಯ ಬ್ರಹ್ಮಚರ್ಯ

ಪ್ರಶ್ನೆ: ಎಚ್‌ಐವಿ ತಡೆಯಲು ಒಂದು ದೇಶ ತನ್ನ ಯುವತಿಯರಿಗೆ ಬ್ರಹ್ಮಚರ್ಯ ವಿಧಿಸಿತ್ತಂತೆ, ನಿಜವೇ?

ಉತ್ತರ: ನಿಜ. ಆಫ್ರಿಕಾದ ದಕ್ಷಿಣದಲ್ಲಿರುವ ಪುಟ್ಟ ರಾಜ್ಯ ಸ್ವಾಜಿಲ್ಯಾಂಡ್ (2018ರಿಂದ ಎಸ್ವಾತಿನಿ) 2001ರಲ್ಲಿ ಹೀಗೆ ಮಾಡಿತು. ದೊರೆ ಮೂರನೆಯ ಎಂಸ್ವಾತಿ ‘ಉಮ್ಚ್ವಾಶೊ’ ಎಂಬ ಹಳೆಯ ಸಂಪ್ರದಾಯಕ್ಕೆ ಮರುಜೀವ ಕೊಟ್ಟು, ಹುಡುಗಿಯರು ಐದು ವರ್ಷ ಲೈಂಗಿಕ ಸಂಪರ್ಕದಿಂದ ದೂರವಿರಬೇಕೆಂದು ಆಜ್ಞೆ ಹೊರಡಿಸಿದ. ಇದರ ಗುರುತಾಗಿ ಅವರು ಬಣ್ಣದ ಉಣ್ಣೆಯ ಗೊಂಡೆ ಧರಿಸಬೇಕಿತ್ತು. ನಿಯಮ ಮುರಿದರೆ ಒಂದು ಹಸು ದಂಡ.

ಸ್ವಲ್ಪ ಸಮಯದಲ್ಲೇ ದೊರೆಯೇ 17 ವರ್ಷದ ಹುಡುಗಿಯನ್ನು ಪತ್ನಿಯಾಗಿ ಆರಿಸಿಕೊಂಡ! ಸಿಟ್ಟಿಗೆದ್ದ ಯುವತಿಯರು ಗೊಂಡೆಗಳನ್ನು ಅರಮನೆಯ ಮುಂದೆ ತಂದು ಹಾಕಿದರು. ದೊರೆ ಹಸುವಿನ ದಂಡ ತೆತ್ತ. 2005ರಲ್ಲಿ, ಅವಧಿಗೆ ಒಂದು ವರ್ಷ ಮೊದಲೇ, ನಿಷೇಧ ಕೊನೆಗೊಂಡಿತು.

ಆಮೇಲೆ ನಡೆದ 2006–07ರ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನವರಲ್ಲಿ ಶೇ. 26 ಮಂದಿಗೆ ಸೋಂಕಿತ್ತು.

ಸ್ವಂತ ಇಚ್ಛೆಯಿಂದ ಸಂಯಮ ಆರಿಸಿಕೊಂಡವರಿಗೆ ಅದು ನಿಜವಾದ ರಕ್ಷಣೆ; ಆ ನಿರ್ಧಾರವನ್ನು ಗೌರವಿಸಲೇಬೇಕು. ಆದರೆ ಇಲ್ಲಿ ಹೊರೆಯೆಲ್ಲ ಹುಡುಗಿಯರ ಹೆಗಲಿಗೇ ಬಿತ್ತು. ಬಲಾತ್ಕಾರಕ್ಕೆ ಸಿಕ್ಕವಳಿಗೆ, ಸೋಂಕಿರುವ ಗಂಡನನ್ನು ಕಟ್ಟಿಕೊಂಡವಳಿಗೆ ಗೊಂಡೆ ಏನು ಕಾವಲು ಕೊಟ್ಟೀತು?

ದೇಶದ ಚಿತ್ರ ಬದಲಾದದ್ದು ಪರೀಕ್ಷೆ ಮತ್ತು ಔಷಧ ಊರೂರಿಗೆ ತಲುಪಿದ ಮೇಲೆ. ಚಿಕಿತ್ಸೆಯಿಂದ ರಕ್ತದಲ್ಲಿನ ವೈರಸ್ ಪತ್ತೆಯಾಗದಷ್ಟು ತಗ್ಗಿ, ಹಾಗೆಯೇ ಉಳಿದರೆ ಸೋಂಕು ಸಂಗಾತಿಗೆ ಲೈಂಗಿಕವಾಗಿ ದಾಟುವುದಿಲ್ಲ. 2020ರ ಹೊತ್ತಿಗೆ ಎಸ್ವಾತಿನಿಯ ಸೋಂಕಿತರಲ್ಲಿ ಬಹುಪಾಲು ಜನ ಈ ಔಷಧ ಸೇವಿಸುತ್ತಿದ್ದರು.