ನದಿಯ ಸರಿತ ಮತ್ತು ತಿರುವಿನ ಕಡಿತ: ಸಂಖ್ಯಾತ್ಮಕ ಮಾದರಿಗಳ ನೆಲೆ

ಅಮೆರಿಕದ ಅಯೋವಾ ಮತ್ತು ನೆಬ್ರಾಸ್ಕಾ ರಾಜ್ಯಗಳಿಗೆ ಮಿಸೌರಿ ನದಿಯೇ ಗಡಿ. 1877ರಲ್ಲಿ ಒಮಾಹಾ ನಗರದ ಬಳಿ ಈ ನದಿ ತನ್ನ ತಿರುವೊಂದರ ಕೊರಳನ್ನು ಸೀಳಿ ಹೊಸ ಪಾತ್ರದಲ್ಲಿ ಹರಿಯಿತು. ಅಯೋವಾದ ನೆಲ ನೆಬ್ರಾಸ್ಕಾದ ಮಗ್ಗುಲಿಗೆ ಬಿದ್ದಿತು. ವ್ಯಾಜ್ಯವು ಅಲ್ಲಿನ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ 1892ರಲ್ಲಿ ಇತ್ಯರ್ಥವಾಯಿತು. ದಂಡೆ ಮೆಲ್ಲಮೆಲ್ಲನೆ ಸರಿದರೆ ಗಡಿಯೂ ಅದರೊಡನೆ ಸರಿಯುತ್ತದೆ. ನದಿ ಹಠಾತ್ತನೆ ಪಾತ್ರ ಬದಲಿಸಿದರೆ ಗಡಿ ಹಳೆಯ ಪಾತ್ರದಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಕಾರ್ಟರ್ ಲೇಕ್ ಎಂಬ ಊರು ಇಂದಿಗೂ ನದಿಯ ಪಶ್ಚಿಮದಲ್ಲಿದ್ದು ಅಯೋವಾಕ್ಕೆ ಸೇರಿದೆ.

ನ್ಯಾಯಾಲಯ ಗುರುತಿಸಿದ ಈ ಎರಡು ನಡೆಗಳನ್ನು ಸಂಖ್ಯಾತ್ಮಕ ಮಾದರಿಗಳೂ ಬೇರೆಬೇರೆಯಾಗಿಯೇ ಪರಿಗಣಿಸುತ್ತವೆ. ಇಕೆಡ, ಪಾರ್ಕರ್ ಮತ್ತು ಸವಾಯಿ 1981ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಹೊರದಂಡೆಯ ಬಳಿ ನೀರಿನ ವೇಗ ಸರಾಸರಿಗಿಂತ ಎಷ್ಟು ಹೆಚ್ಚೋ ಕೊರೆತವೂ ಅದರ ಪ್ರಮಾಣದಲ್ಲಿರುತ್ತದೆ. ಆ ವೇಗವನ್ನು ಅಲ್ಲಿನ ಬಾಗು ಮಾತ್ರವಲ್ಲದೆ ಮೇಲ್ಹರಿವಿನ ಬಾಗುಗಳೂ ನಿರ್ಧರಿಸುತ್ತವೆ; ದೂರ ಹೆಚ್ಚಿದಂತೆ ಅವುಗಳ ಪ್ರಭಾವ ಕುಗ್ಗುತ್ತದೆ. 1984ರಲ್ಲಿ ಹೊವರ್ಡ್ ಮತ್ತು ನಟ್ಸನ್ ಇಂತಹ ಸರಿತವನ್ನು ಗಣಕದಲ್ಲಿ ಅನುಕರಿಸಿದರು. ನದಿಯ ನಡುಗೆರೆಯನ್ನು ಬಿಂದುಗಳ ಸರಪಳಿಯಾಗಿ ಭಾವಿಸಿ, ಪ್ರತಿ ಕಾಲಹಂತದಲ್ಲಿ ಒಂದೊಂದು ಬಿಂದುವನ್ನೂ ಜರುಗಿಸಲಾಗುತ್ತದೆ. ಕಡಿತಕ್ಕೆ ಬೇರೆಯೇ ನಿಯಮ: ದೂರದ ಎರಡು ಬಿಂದುಗಳು ಹೆಚ್ಚುಕಡಿಮೆ ಪಾತ್ರದ ಅಗಲದಷ್ಟು ಸಮೀಪಿಸಿದರೆ, ನಡುವಣ ಬಿಂದುಗಳನ್ನೆಲ್ಲ ಅಳಿಸಿ ಅವೆರಡನ್ನೂ ಜೋಡಿಸಲಾಗುತ್ತದೆ. ಅಳಿದ ಭಾಗವೇ ಕುದುರೆಲಾಳದಾಕಾರದ ಸರೋವರ.

ಈ ನಿಯಮ ಸರಳವಾದುದು. ಸರಳತೆಯೇ ಅದರ ಕೊರತೆಯೂ ಹೌದು. ಕೊರಳು ಸವೆಯುವ ಮುನ್ನವೇ ಪ್ರವಾಹದ ನೀರು ತಿರುವಿನ ಒಳಭಾಗವನ್ನು ಹಾಯ್ದು ಹೊಸ ಕಾಲುವೆ ಕೊರೆಯುವುದುಂಟು. ಇದನ್ನು ಕೇವಲ ಅಂತರದಿಂದ ಊಹಿಸಲಾಗದು. ಪ್ರವಾಹದ ಎತ್ತರ, ಬಯಲಿನ ಏರುತಗ್ಗು, ಸಸ್ಯಾವರಣಗಳೆಲ್ಲ ಲೆಕ್ಕಕ್ಕೆ ಬರಬೇಕು.

ಇನ್ನೂ ತೊಡಕಿನದು ಕೊರೆತದ ಗುಣಾಂಕ. ಸಾಮಾನ್ಯವಾಗಿ ಇದನ್ನು ಹಳೆಯ ಮತ್ತು ಹೊಸ ನಕ್ಷೆಗಳಲ್ಲಿನ ದಂಡೆಗಳನ್ನು ಹೋಲಿಸಿ ಹೊಂದಿಸಿಕೊಳ್ಳುತ್ತಾರೆ. ಆದರೆ ಬಯಲಿನುದ್ದಕ್ಕೂ ಅದು ಏಕರೂಪವಲ್ಲ. ಕಡಿದುಹೋದ ತಿರುವು ಕಾಲಾಂತರದಲ್ಲಿ ಜೇಡಿಮಣ್ಣಿನಿಂದ ತುಂಬಿ, ಮುಂದೆ ನದಿ ಮರಳಿ ಬಂದಾಗ ಸುಲಭವಾಗಿ ಕೊರೆಯಗೊಡುವುದಿಲ್ಲ. ಆದ್ದರಿಂದ ನದಿ ಹಿಂದೆ ಎಲ್ಲೆಲ್ಲಿ ಹರಿದಿತ್ತೆಂಬುದು ಮಾದರಿಕಾರನಿಗೆ ಅನಿವಾರ್ಯ ಮಾಹಿತಿ. ಕೆಳ ಮಿಸಿಸಿಪ್ಪಿಯ ಹಳೆಯ ಪಾತ್ರಗಳನ್ನು ಬಣ್ಣಬಣ್ಣದ ಪಟ್ಟಿಗಳಲ್ಲಿ ತೋರಿಸಿದ ಹೆರಾಲ್ಡ್ ಫಿಸ್ಕ್‌ನ 1944ರ ನಕ್ಷೆಗಳಿಗೆ ಇಂದಿಗೂ ಬೆಲೆಯಿರುವುದು ಇದರಿಂದಲೇ.

ಸ್ಥಳನಾಮಗಳೂ ಇಲ್ಲಿ ಗೌಣವಲ್ಲ. ಲೂಸಿಯಾನಾದಲ್ಲಿ ಸುಮಾರು 1722ರಲ್ಲಿ ಮಿಸಿಸಿಪ್ಪಿ ತೊರೆದ ತಿರುವನ್ನು ಫ್ರೆಂಚ್ ಭಾಷಿಕರು ‘ಹುಸಿ ನದಿ’ ಎಂಬರ್ಥದ ಹೆಸರಿನಿಂದ ಕರೆದರು. ಇಂಗ್ಲಿಷಿನಲ್ಲಿಯೂ ಅದು ಫಾಲ್ಸ್ ರಿವರ್ ಆಗಿಯೇ ಉಳಿದಿದೆ. ಮಾದರಿಯು ಅಳಿಸಿಬಿಡುವಂತಹ ಆ ಬಾಗಿನ ದಂಡೆಯ ಮೇಲೆ ಇಂದು ನ್ಯೂ ರೋಡ್ಸ್ ಪಟ್ಟಣವಿದೆ.