ಕಡ್ಡಿ ಫುಲ್, ನೆಟ್ ಡಲ್: ವೈ-ಫೈ ಎಕ್ಸ್‌ಟೆಂಡರ್ ಬೇಕಾ, ಬೇಡ್ವಾ?

ತಿಂಗಳು ತಿಂಗಳು ದುಡ್ಡು ಕಟ್ಟೋದು 100 ಎಂಬಿಪಿಎಸ್ ಪ್ಲಾನ್‌ಗೆ. ಹಾಲ್‌ನ ಸೋಫಾ ಮೇಲೆ ಕೂತರೆ ಅಷ್ಟೂ ಬರುತ್ತೆ. ಆದ್ರೆ ಬಾಗಿಲು ಹಾಕ್ಕೊಂಡು ಕೆಲಸ ಮಾಡಬೇಕಾದ ಹಿಂದಿನ ಬೆಡ್‌ರೂಮಿನಲ್ಲಿ ಮಾತ್ರ 'ಹಲೋ, ಕೇಳಿಸ್ತಿದ್ಯಾ?' ಅನ್ನೋದರಲ್ಲೇ ಅರ್ಧ ಮೀಟಿಂಗ್ ಮುಗಿದುಹೋಗುತ್ತೆ. ಇಂಟರ್‌ವ್ಯೂ ಇದ್ದ ದಿನವಂತೂ ಮನೆಯವರನ್ನೆಲ್ಲ ಹಾಲ್‌ನಿಂದ ಎಬ್ಬಿಸಿ, ಟಿವಿ ಆರಿಸಿ, ಕುಕ್ಕರ್ ಕೂಗದ ಹಾಗೆ ನೋಡ್ಕೋಬೇಕು.

ಆಗ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: 'ಒಂದು ಎಕ್ಸ್‌ಟೆಂಡರ್ ಹಾಕ್ಬಿಡಿ, ಸರಿಹೋಗುತ್ತೆ.' ಒಂದೂವರೆಯಿಂದ ಮೂರು ಸಾವಿರ ರೂಪಾಯಿ ಕೊಟ್ರೆ ನಾಳೆಯೇ ಮನೆಗೆ ಬರುತ್ತೆ. ಪ್ಲಗ್‌ಗೆ ಚುಚ್ಚಿದ್ರೆ ಮೊಬೈಲ್‌ನಲ್ಲಿ ಸಿಗ್ನಲ್ ಕಡ್ಡಿ ಫುಲ್. ಆದ್ರೂ ಎಷ್ಟೋ ಮನೆಗಳಲ್ಲಿ ಮೀಟಿಂಗ್ ಮೊದಲಿನ ಹಾಗೇ ಕಟ್ ಆಗ್ತಾ ಇರುತ್ತೆ.

ಎಕ್ಸ್‌ಟೆಂಡರ್ ಕೆಟ್ಟ ವಸ್ತು ಅಲ್ಲ. ಆದರೆ ಅದು ಬಗೆಹರಿಸೋ ತೊಂದರೆ ಒಂದೇ ಒಂದು. ನಿಮ್ಮ ಮನೆಯ ತೊಂದರೆ ಅದೇ ಹೌದಾ ಅಂತ ತಿಳಿಯೋಕೆ ಅರ್ಧ ಗಂಟೆ ಸಾಕು, ಖರ್ಚೂ ಇಲ್ಲ.

ನಡುವೆ ನಿಂತು ಕೂಗೋ ಮನುಷ್ಯ

ಮದುವೆ ಮನೆಯ ಊಟದ ಹಾಲ್ ನೆನಪಿಸ್ಕೊಳ್ಳಿ. ಅಡುಗೆಮನೆ ಒಂದು ತುದಿಗೆ, ಕೊನೇ ಪಂಕ್ತಿ ಇನ್ನೊಂದು ತುದಿಗೆ. ನಡುವೆ ಒಬ್ಬ ನಿಂತು 'ಆ ಕಡೆ ಸಾರು ತನ್ನಿ' ಅಂತ ಕೇಳಿದ್ದನ್ನೇ ಮತ್ತೆ ಕೂಗ್ತಾನೆ. ಎಕ್ಸ್‌ಟೆಂಡರ್ ಮಾಡೋದೂ ಇಷ್ಟೇ. ರೂಟರ್ ಹೇಳಿದ್ದನ್ನು ಕೇಳಿಸ್ಕೊಂಡು ನಿಮ್ಮ ಲ್ಯಾಪ್‌ಟಾಪ್‌ಗೆ ಮತ್ತೆ ಹೇಳುತ್ತೆ. ತಾನಾಗಿ ಹೊಸ ಇಂಟರ್‌ನೆಟ್ ಏನೂ ಹುಟ್ಟಿಸಲ್ಲ.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಕೂಗೋ ಹೊತ್ತಿನಲ್ಲಿ ಅವನಿಗೆ ಕೇಳಿಸ್ಕೊಳ್ಳೋಕೆ ಆಗಲ್ಲ. ಒಂದೇ ಚಾನೆಲ್‌ನಲ್ಲಿ ಕೇಳಿ, ಅದೇ ಚಾನೆಲ್‌ನಲ್ಲಿ ಹೇಳೋ ಎಕ್ಸ್‌ಟೆಂಡರ್‌ನಲ್ಲಿ ಸ್ಪೀಡ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಎರಡು, ಅವನು ಕೊನೇ ಪಂಕ್ತಿಯ ಪಕ್ಕದಲ್ಲೇ ನಿಂತರೆ ಅಡುಗೆಮನೆ ಮಾತು ಅವನಿಗೇ ಕೇಳಿಸಲ್ಲ. ನೆಟ್ ಬಾರದ ರೂಮಿನಲ್ಲೇ ಎಕ್ಸ್‌ಟೆಂಡರ್ ಇಟ್ಟರೆ ಆಗೋದು ಇದೇ. ಮೊಬೈಲ್‌ನಲ್ಲಿ ಕಾಣೋ ಕಡ್ಡಿ ನಿಮಗೂ ಎಕ್ಸ್‌ಟೆಂಡರ್‌ಗೂ ನಡುವಿನದು, ಅದಕ್ಕೂ ರೂಟರ್‌ಗೂ ನಡುವಿನದಲ್ಲ.

ಡಬ್ಬದ ಮೇಲಿನ ನಂಬರ್

ಡಬ್ಬದ ಮೇಲೆ 'ಎಸಿ 1200' ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ. 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಎರಡನ್ನೂ ಕೂಡಿಸಿ ಮೇಲಕ್ಕೆ ದುಂಡು ಮಾಡಿದ ಲೆಕ್ಕ ಅದು. ಮಾಮೂಲಾಗಿ ಮೊಬೈಲ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ನಲ್ಲಿ ಇರುತ್ತೆ. ಜೊತೆಗೆ ಇವು ಪುಸ್ತಕದ ಲೆಕ್ಕ. ಗೋಡೆ, ಪಕ್ಕದ ಮನೆಯ ವೈ-ಫೈ, ದೂರ ಯಾವುದೂ ಇದರಲ್ಲಿ ಸೇರಿಲ್ಲ.

ದಪ್ಪ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದಿ. ಲ್ಯಾನ್ ಪೋರ್ಟ್ '10/100' ಅಂತಿದ್ರೆ ಆ ತಂತಿಯಲ್ಲಿ 100 ಎಂಬಿಪಿಎಸ್‌ಗಿಂತ ಹೆಚ್ಚು ಹೋಗೋದೇ ಇಲ್ಲ. 'ಗಿಗಾಬಿಟ್' ಅಂತಿರೋದು ವಾಸಿ. 'ಆಕ್ಸೆಸ್ ಪಾಯಿಂಟ್ ಮೋಡ್' ಇದೆಯಾ ಅಂತಲೂ ನೋಡಿ. ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ಕೊಳ್ಳೋ ಮುಂಚೆ ಮೂರು ಅಳತೆ

ಮೊದಲನೇದು: ರೂಟರ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ. ಅಲ್ಲೇ ಸ್ಪೀಡ್ ಇಲ್ಲ ಅಂದ್ರೆ ತೊಂದರೆ ಕನೆಕ್ಷನ್‌ನದ್ದು, ಇಲ್ಲಾ ರೂಟರ್‌ನದ್ದು. ಎಕ್ಸ್‌ಟೆಂಡರ್ ಇದಕ್ಕೆ ಮದ್ದಲ್ಲ.

ಎರಡನೇದು: ತೊಂದರೆ ಇರೋ ರೂಮಿನಲ್ಲಿ ಸಿಗ್ನಲ್ ಎಷ್ಟಿದೆ ಅಂತ ನೋಡಿ. ಆಂಡ್ರಾಯ್ಡ್‌ನಲ್ಲಿ ವೈ-ಫೈ ಅನಲೈಜರ್ ಥರದ ಉಚಿತ ಆ್ಯಪ್‌ಗಳಿವೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ವೈ-ಫೈ ಚಿಹ್ನೆ ಕ್ಲಿಕ್ ಮಾಡಿದ್ರೆ ಕಾಣುತ್ತೆ. ಅಳತೆ ಮೈನಸ್ ಡಿಬಿಎಂನಲ್ಲಿ ಬರುತ್ತೆ. ಮೈನಸ್ 50 ಅಂದ್ರೆ ಭೇಷ್. ಮೈನಸ್ 65ರ ತನಕ ವಿಡಿಯೋ ಕಾಲ್‌ಗೆ ಭಯವಿಲ್ಲ. ಮೈನಸ್ 75 ದಾಟಿದ್ರೆ ಒದ್ದಾಟ ಶುರು. 10 ಇಳಿದಾಗಲೆಲ್ಲ ಸಿಗ್ನಲ್‌ನ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ ಅನ್ನೋದು ನೆನಪಿರಲಿ.

ಮೂರನೇದು, ನನ್ನ ಪ್ರಕಾರ ಮುಖ್ಯವಾದದ್ದು: ಪಿಂಗ್. ಅದೇ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಐದು ನಿಮಿಷ ಪಿಂಗ್ ಮಾಡಿ. ವಿಂಡೋಸ್‌ನಲ್ಲಿ ಕೊನೆಗೆ ಹೈಫನ್ ಮತ್ತು ಟಿ ಅಕ್ಷರ ಸೇರಿಸಿದ್ರೆ ನೀವು ನಿಲ್ಲಿಸೋವರೆಗೂ ಓಡುತ್ತೆ. ಉತ್ತರ ಒಂದೇ ಸಮ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಬರ್ತಿದ್ರೆ ವೈ-ಫೈ ಚೆನ್ನಾಗಿದೆ. ಒಮ್ಮೆ 4, ಇನ್ನೊಮ್ಮೆ 300, ನಡುನಡುವೆ 'ಟೈಮ್ಡ್ ಔಟ್' ಅಂತ ಬಂದ್ರೆ ನಿಮ್ಮ ಮೀಟಿಂಗ್ ಕಟ್ ಆಗೋದು ಅದಕ್ಕೇ. ವಿಡಿಯೋ ಕಾಲ್‌ಗೆ 3–4 ಎಂಬಿಪಿಎಸ್ ಸಾಕು. ಆದ್ರೆ ಅದು ತಡೆಯಿಲ್ಲದೆ ಬರಬೇಕು.

ಮೊದಲು ರೂಟರ್ ಜಾಗ ಬದಲಿಸಿ

ಫೈಬರ್ ಹಾಕೋಕೆ ಬಂದವರು ತಂತಿ ಎಲ್ಲಿ ಒಳಗೆ ಬರುತ್ತೋ ಅಲ್ಲೇ ರೂಟರ್ ಕೂರಿಸಿ ಹೋಗ್ತಾರೆ: ಟಿವಿ ಹಿಂದೆ, ಶೋಕೇಸ್ ಒಳಗೆ, ಇಲ್ಲಾ ಬಾಗಿಲ ಮೂಲೆಯಲ್ಲಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್ ಇವೆಲ್ಲ ಸಿಗ್ನಲ್‌ಗೆ ಅಡ್ಡ. ಆರ್‌ಸಿಸಿ ಮೋಲ್ಡ್‌ನ ಒಳಗೆ ಕಂಬಿಯ ಬಲೆಯೇ ಇರುತ್ತೆ. ಕರಾವಳಿಯ ಹಳೇ ಮುರಕಲ್ಲಿನ ಗೋಡೆ, ಮಲೆನಾಡಿನ ದಪ್ಪ ಮಣ್ಣಿನ ಗೋಡೆಗಳಲ್ಲಂತೂ 5 ಗಿಗಾಹರ್ಟ್ಸ್ ಬೇಗ ಸೋತುಹೋಗುತ್ತೆ, 2.4 ಸ್ವಲ್ಪ ದೂರ ಹೋಗುತ್ತೆ, ಆದ್ರೆ ಸ್ಪೀಡ್ ಕಮ್ಮಿ.

ರೂಟರನ್ನು ಮನೆಯ ನಡುಭಾಗಕ್ಕೆ, ತಲೆಯೆತ್ತರದ ಜಾಗಕ್ಕೆ ತಂದು ಮತ್ತೆ ಅಳೆಯಿರಿ. ಫೈಬರ್ ತಂತಿಯನ್ನು ಮಡಚೋದು, ಎಳೆಯೋದು ಬೇಡ, ಒಳಗಿರೋದು ಗಾಜು. ಉದ್ದದ ತಂತಿ ಬೇಕಂದ್ರೆ ಕನೆಕ್ಷನ್‌ನವರಿಗೇ ಹೇಳಿ. ಅಪಾರ್ಟ್‌ಮೆಂಟ್ ಆಗಿದ್ರೆ 2.4ರ ಚಾನೆಲ್ ಕೂಡ ನೋಡಿ: 1, 6, 11 ಈ ಮೂರೇ ಒಂದರ ಮೇಲೊಂದು ಬೀಳದವು. ಮೂರರಲ್ಲಿ ಖಾಲಿ ಇರೋದನ್ನು ಆರಿಸ್ಕೊಳ್ಳಿ. ಎಷ್ಟೋ ಮನೆಗಳ ತಲೆನೋವು ಇಲ್ಲಿಗೇ ಮುಗಿಯುತ್ತೆ.

ಅಕ್ಕನ ಮನೆಯ ಲೆಕ್ಕ

ಶಿವಮೊಗ್ಗದಲ್ಲಿರೋ ನಮ್ಮ ಅಕ್ಕನ ಮನೆಗೆ ಎರಡು ಅಂತಸ್ತು. ರೂಟರ್ ಕೆಳಗೆ ಟಿವಿ ಹತ್ರ, ಭಾವ ಕೆಲಸ ಮಾಡೋದು ಮೇಲಿನ ಮೂಲೆ ರೂಮಿನಲ್ಲಿ. ಅಲ್ಲಿ ಮೈನಸ್ 79. ರೂಟರನ್ನು ಶೋಕೇಸ್ ಮೇಲಕ್ಕೆ ತಂದಾಗ ಮೈನಸ್ 72 ಆಯ್ತು. ಪರವಾಗಿಲ್ಲ, ಆದ್ರೆ ಸಾಲದು.

ಭಾವ ಆಗಲೇ ಎಕ್ಸ್‌ಟೆಂಡರ್ ತಂದು ತಮ್ಮ ಮೇಜಿನ ಪಕ್ಕದ ಪ್ಲಗ್‌ಗೆ ಹಾಕ್ಕೊಂಡಿದ್ರು. ಕಡ್ಡಿ ಫುಲ್, ಪಿಂಗ್ ಮಾತ್ರ 200, 400, ಟೈಮ್ಡ್ ಔಟ್. 'ಇಲ್ಲೇ ಇರ್ಲಿ ಮಾರಾಯ, ಸಿಗ್ನಲ್ ಚೆನ್ನಾಗಿದೆಯಲ್ಲ' ಅಂದ್ರು. ಅದನ್ನು ಮೆಟ್ಟಿಲಿನ ನಡುವಿನ ತಿರುವಿಗೆ ತಂದ್ವಿ. ಅಲ್ಲಿ ರೂಟರ್‌ನ ಸಿಗ್ನಲ್ ಮೈನಸ್ 58. ಭಾವನ ರೂಮಿನಲ್ಲಿ ಕಡ್ಡಿ ಒಂದು ಕಮ್ಮಿಯಾಯ್ತು, ಸ್ಪೀಡ್ 35 ಎಂಬಿಪಿಎಸ್‌ಗೆ ಬಂತು, ಪಿಂಗ್ 10ರ ಆಸುಪಾಸಿನಲ್ಲಿ ನಿಂತಿತು. ಆವತ್ತು ಸಂಜೆಯ ಮೀಟಿಂಗ್ ಒಂದ್ಸಲವೂ ಕಟ್ ಆಗಲಿಲ್ಲ.

ಮರುದಿನ ಕರೆಂಟ್ ಹೋಯ್ತು. ರೂಟರ್ ಯುಪಿಎಸ್ ಲೈನ್‌ನಲ್ಲಿತ್ತು, ಮೆಟ್ಟಿಲ ಪ್ಲಗ್ ಇರಲಿಲ್ಲ. ನಮ್ಮ ಊರುಗಳಲ್ಲಿ ಇದನ್ನೂ ಲೆಕ್ಕಕ್ಕೆ ಹಿಡೀಲೇಬೇಕು: ಎಕ್ಸ್‌ಟೆಂಡರ್ ಹಾಕೋ ಪ್ಲಗ್ ಯುಪಿಎಸ್ ಮೇಲೆ ಇದೆಯಾ?

ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ, ಹಳೇ ಕೇಬಲ್ ಟಿವಿಯ ಪೈಪ್‌ನಲ್ಲೇ ಒಂದು ಕ್ಯಾಟ್ 6 ತಂತಿ ಎಳೆಸಿದ್ವಿ. ಅದೇ ಎಕ್ಸ್‌ಟೆಂಡರನ್ನು ಮೇಲಿನ ರೂಮಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದ್ವಿ. ಈಗ ಅದು ಗಾಳಿಯಲ್ಲಿ ಕೇಳಿಸ್ಕೊಂಡು ಹೇಳಬೇಕಿಲ್ಲ, ತಂತಿಯಲ್ಲಿ ಬಂದದ್ದನ್ನು ಹಂಚಿದ್ರೆ ಸಾಕು. 35 ಇದ್ದದ್ದು 90 ದಾಟಿತು.

ಯಾರಿಗೆ ಸರಿ, ಯಾರಿಗೆ ಬೇಡ

ಬಾಡಿಗೆ ಮನೆ, ಗೋಡೆ ಕೊರೆಯೋ ಹಾಗಿಲ್ಲ, ಒಂದೇ ರೂಮಿಗೆ ನೆಟ್ ಬೇಕು, 20–30 ಎಂಬಿಪಿಎಸ್ ಸಾಕು, ರೂಟರ್‌ಗೂ ಆ ರೂಮಿಗೂ ನಡುವೆ ಒಳ್ಳೇ ಸಿಗ್ನಲ್ ಇರೋ ಪ್ಲಗ್ ಇದೆ ಅಂದ್ರೆ ಡ್ಯುಯಲ್ ಬ್ಯಾಂಡ್ ಎಕ್ಸ್‌ಟೆಂಡರ್ ತಗೊಳ್ಳಿ. ನಡುವಿನ ಪ್ಲಗ್‌ನಲ್ಲಿ ಸಿಗ್ನಲ್ ಮೈನಸ್ 65ಕ್ಕಿಂತ ಕೆಳಗಿದ್ರೆ ದುಡ್ಡು ಉಳಿಸ್ಕೊಳ್ಳಿ.

ಆನ್‌ಲೈನ್ ಗೇಮ್ ಆಡೋರು, ಮೂರು-ನಾಲ್ಕು ರೂಮಿಗೆ ನೆಟ್ ಬೇಕಾದವರು, ಮಾತಾಡ್ತಾ ಮನೆ ತುಂಬ ಓಡಾಡೋರಿಗೆ ಇದು ಸರಿಹೋಗಲ್ಲ. ಎಕ್ಸ್‌ಟೆಂಡರ್ ಇರೋ ಮನೆಯಲ್ಲಿ ಎಷ್ಟೋ ಫೋನ್‌ಗಳು ಹಳೇ ಸಿಗ್ನಲ್‌ಗೇ ಅಂಟಿಕೊಂಡು ಕೂರ್ತವೆ. ಮೆಶ್ ಸಿಸ್ಟಮ್ ಈ ಕೈ ಬದಲಾವಣೆಯನ್ನು ಚೆನ್ನಾಗಿ ಮಾಡುತ್ತೆ, ಆದ್ರೆ ಬೆಲೆ ಜಾಸ್ತಿ. ತಂತಿ ಇಲ್ಲದೆ ಹಾಕಿದ ಮೆಶ್ ಕೂಡ ಗಾಳಿಯಲ್ಲೇ ಮಾತು ದಾಟಿಸೋದು, ಹಾಗಾಗಿ ಅದನ್ನು ಇಡೋ ಜಾಗಕ್ಕೂ ಇದೇ ಅಳತೆ. ಸ್ವಂತ ಮನೆಯವರು ಮೊದಲು ತಂತಿ ಎಳೆಸೋಕೆ ದಾರಿ ಇದೆಯಾ ನೋಡಿ.

ತಗೊಳ್ಳೋದಾದ್ರೆ ವಾಪಸ್ ಕೊಡೋಕೆ ಎಷ್ಟು ದಿನ ಇದೆ ಅಂತ ಮೊದಲೇ ಓದ್ಕೊಳ್ಳಿ, ಡಬ್ಬ ಎಸೀಬೇಡಿ. ಬಂದ ದಿನವೇ ಮೂರು ಜಾಗದಲ್ಲಿ ಇಟ್ಟು, ಪ್ರತಿ ಸಲ ಅದೇ ರೂಮಿನಿಂದ ಸ್ಪೀಡ್, ಪಿಂಗ್ ಎರಡನ್ನೂ ಬರೆದಿಟ್ಟುಕೊಳ್ಳಿ. ಯಾವ ಜಾಗದಲ್ಲೂ ಪಿಂಗ್ ನೆಟ್ಟಗಾಗದಿದ್ರೆ, ಕಡ್ಡಿ ಎಷ್ಟೇ ಇರಲಿ, ವಾಪಸ್ ಕಳಿಸಿ.